ದರೋಜಿ ಅಡವಿಯಲ್ಲಿ ಮೂರು ದಿನದ ಬಿಡಾರ

ಬ್ರೂಸ್‌ಪೇಟೆ, ಬಳ್ಳಾರಿ
18-9-1950

ಲೇ ಮಾರೆಣ್ಣ,

ಯುದ್ಧ ಮುಗಿದು ಐದು ವರ್ಷವಾಯಿತು. ಈ ಐದು ವರ್ಷ ನಾನು ಹೈಸ್ಕೂಲಿನ ಗುಮಾಸ್ತನಾಗಿ ಹಾಜರಿ ಪುಸ್ತಕಗಳ ನಡುವೆ ಕೂತು ಹೊಟ್ಟೆ ಬೆಳೆಸಿದ್ದೇನೆ. ನೀನು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಇಂಜಿನ್ ಓಡಿಸುತ್ತ ತೌಡಿನ ಧೂಳು ನುಂಗಿ ಕೆಮ್ಮು ಬೆಳೆಸಿದ್ದೀಯ. ದೇಶಕ್ಕೆ ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ನಮ್ಮಿಬ್ಬರಿಗೆ ಮಾತ್ರ ಏನೂ ಬರಲಿಲ್ಲ. ಆದ್ದರಿಂದ ನಿನ್ನೆ ಸಂಜೆ, ಒಬ್ಬನೇ ಸಭೆ ಸೇರಿ, ಒಮ್ಮತದಿಂದ ಒಂದು ಠರಾವು ಪಾಸು ಮಾಡಿದ್ದೇನೆ: ಮುಂದಿನ ಸಂಕ್ರಾಂತಿಗೆ ನಾವಿಬ್ಬರೂ ದರೋಜಿ ಗುಡ್ಡದ ಅಡವಿಯಲ್ಲಿ ಮೂರು ದಿನ ಡೇರೆ ಹಾಕಿ ಇರತಕ್ಕದ್ದು.

ನಗಬೇಡ. ದಂಡಿನಲ್ಲಿದ್ದಾಗ ದೀಮಾಪುರದಲ್ಲಿ ಎರಡು ವರ್ಷ ಒಂದೇ ಡೇರೆಯಲ್ಲಿ ಮಲಗಿದವರು ನಾವು. ಗುಮಾಸ್ತರ ಡೇರೆಯಲ್ಲಿ ಜಾಗವಿಲ್ಲವೆಂದು ನನ್ನನ್ನು ಲಾರಿ ಡ್ರೈವರುಗಳ ಡೇರೆಗೆ ಅಟ್ಟಿದ ಆ ಸುಬೇದಾರನ ಹೊಟ್ಟೆ ತಣ್ಣಗಿರಲಿ. ಮಳೆಗೆ ಡೇರೆಯ ಗೂಟ ಕಿತ್ತು ಬಂದಾಗ ನೀನು ಹಗ್ಗ ಬಿಗಿಯುತ್ತಿದ್ದೆ, ನಾನು ಒಳಗಿನಿಂದ ಧೈರ್ಯ ಹೇಳುತ್ತಿದ್ದೆ. ಕೆಲಸದ ಹಂಚಿಕೆ ಈಗಲೂ ಹಾಗೇ ಇರಲಿ.

ಬೇಕಾದ ಸಾಮಾನು ಬರೆದಿದ್ದೇನೆ. ಡೇರೆಗೆ ಹೊದಿಸಲು ತಾಡಪತ್ರಿ ಒಂದು (ನಿನ್ನದು), ಹಗ್ಗ, ಕೊಡಲಿ, ಲಾಟೀನು, ಕಟಕ ರೊಟ್ಟಿ ಅರವತ್ತು, ಶೇಂಗಾ ಚಟ್ನಿ, ಬೆಲ್ಲ, ನೀರಿನ ಕೊಡ ಎರಡು, ಒಲೆಗೆ ಕಲ್ಲು ಆರು, ಕರಡಿ ಬಂದರೆ ಬಾರಿಸಲು ತಮಟೆ ಅಥವಾ ಕಂಚಿನ ತಾಟು. ಒಪ್ಪಿಗೆ ತಿಳಿಸು.

ನಿನ್ನ ಡೇರೆಯ ಸೋಮಾರಿ,
ತಿಪ್ಪೇರುದ್ರ


ಸಿರುಗುಪ್ಪ
29-9-1950

ಲೇ ತಿಪ್ಪ,

ಠರಾವು ತಲುಪಿತು. ಹನುಮಮ್ಮನಿಗೆ ಓದಿ ಹೇಳಿದೆ. "ಮನ್ಯಾಗ ಮೂರು ಮಕ್ಕಳು ಕರಡಿ ಇದ್ದಂಗ ಅದಾವ, ಅಡವಿಗ್ಯಾಕ ಹೋಗ್ತೀ?" ಎಂದಳು. ಆದರೂ ನನ್ನ ಖಾಕಿ ಚೀಲ ಹುಡುಕಿ ಬಿಸಿಲಿಗೆ ಹಾಕಿದ್ದಾಳೆ. ಅದೇ ಒಪ್ಪಿಗೆ.

ನಮ್ಮ ಹರಿಜನ ಕೇರಿಯಲ್ಲಿ ಈ ಸುದ್ದಿ ಕೇಳಿ ಎಲ್ಲರಿಗೂ ಗಾಬರಿ. ಸೌದೆ ತರುವುದಕ್ಕೆ ಅಡವಿಗೆ ಹೋಗುವವರನ್ನು ಕಂಡಿದ್ದಾರೆ, ಜೇನಿಗೆ ಹೋಗುವವರನ್ನು ಕಂಡಿದ್ದಾರೆ. ಸುಮ್ಮನೆ ಮಲಗುವುದಕ್ಕೆ ಹೋಗುವವರನ್ನು ಕಂಡಿಲ್ಲ. ನಮ್ಮ ಓಬಣ್ಣ ಕಾಕ ಗುಟ್ಟಾಗಿ ಕೇಳಿದ: "ಪೊಲೀಸರು ಏನರ ಹುಡುಕಾಕ ಹತ್ಯಾರೇನು ಮಾರೆಣ್ಣ?"

ತಾಡಪತ್ರಿ ನಾನು ತರುತ್ತೇನೆ. ಗಿರಣಿಯ ಹಳೆಯದು, ಎರಡು ತೂತು, ನಾನೇ ಹೊಲಿದಿದ್ದೇನೆ. ಕರಡಿಯ ಚಿಂತೆ ಬಿಡು. ಬಂದರೆ ನೀನು ನಿಮ್ಮ ಹೈಸ್ಕೂಲಿನ ಸುತ್ತೋಲೆ ಒಂದು ಓದು, ತಾನೇ ಮಲಗುತ್ತದೆ.

ಒಂದು ಮಾತು. ನೀರಿನ ಕೊಡ ಎರಡು, ಒಲೆಯ ಕಲ್ಲು ಆರು ಅಂತ ಬರೆದಿದ್ದೀಯ. ಮೂರು ಕಲ್ಲಿಗೆ ಒಂದು ಒಲೆ. ಆರು ಎಂದರೆ ಎರಡು ಒಲೆ. ದೀಮಾಪುರದಲ್ಲಿ ನಮ್ಮಿಬ್ಬರಿಗೂ ಒಂದೇ ತಗಡಿನ ಡಬ್ಬಿ ಇತ್ತು. ಅದರಲ್ಲೇ ಚಹಾ, ಅದರಲ್ಲೇ ಗಂಜಿ, ಅದರಲ್ಲೇ ನಿನ್ನ ಗಡ್ಡಕ್ಕೆ ಬಿಸಿನೀರು. ಈಗ ಎರಡನೇ ಒಲೆ ಯಾರಿಗೆ?

ಮಾರೆಣ್ಣ


ಬಳ್ಳಾರಿ
21-10-1950

ಲೇ ಮಾರೆಣ್ಣ,

ಎರಡನೇ ಒಲೆ ಕರಡಿಗೆ. ಅತಿಥಿ ಸತ್ಕಾರ ನಮ್ಮ ಸಂಸ್ಕೃತಿ. ಅದು ಹಾಗಿರಲಿ.

ಪರವಾನಗಿ ಸಿಕ್ಕಿತು! ಅದಕ್ಕಾಗಿ ನಾನು ಪಟ್ಟ ಪಾಡನ್ನು ಮುಂದಿನ ತಲೆಮಾರು ತಿಳಿಯಬೇಕು. ಜಂಗಲ್ ಕಚೇರಿಯ ಅರ್ಜಿಯಲ್ಲಿ "ಉದ್ದೇಶ" ಎಂಬ ಒಂದು ಅಂಕಣವಿದೆ. ಸೌದೆ, ಹುಲ್ಲು, ಜೇನು, ದನ ಮೇಯಿಸುವುದು ಎಂದು ನಾಲ್ಕೇ ಉದ್ದೇಶ. ಮನುಷ್ಯನಿಗೆ ಅಡವಿಯಲ್ಲಿ ಐದನೆಯ ಉದ್ದೇಶವಿರಬಹುದೆಂದು ಸರ್ಕಾರಕ್ಕೆ ಹೊಳೆದಿಲ್ಲ. ನಾನು "ಮಲಗುವುದು" ಎಂದು ಬರೆದೆ. ಅಲ್ಲಿನ ಗುಮಾಸ್ತ ಕನ್ನಡಕ ಏರಿಸಿದ.

"ಮನಿ ಇಲ್ಲೇನ್ರಿ ನಿಮಗ?"

"ಐತ್ರಿ."

"ಮನ್ಯಾಗ ಜಗಳ ಏನು?"

"ಇಲ್ರಿ."

"ಹಂಗಾರ ಅಡವ್ಯಾಗ ಯಾಕ ಮಲಗ್ತೀರಿ? ಅಲ್ಲಿ ಕರಡಿ ಮಲಗತಾವ."

ಗುಮಾಸ್ತ ಗುಮಾಸ್ತನನ್ನು ಸೋಲಿಸಲಾರ. "ಮಲಗುವುದು" ಎಂಬುದನ್ನು ಹೊಡೆದು "ಪ್ರಕೃತಿ ವೀಕ್ಷಣೆ" ಎಂದು ತಿದ್ದಿದೆ. ಆತ ಗೌರವದಿಂದ ಎದ್ದು ನಿಂತು ಮುದ್ರೆ ಒತ್ತಿದ. ಜನವರಿ 13, 14, 15. ಶನಿವಾರ, ಭಾನುವಾರ, ಸೋಮವಾರ. ಕೆರೆಯ ಮೇಲ್ಗಡೆ ಬಿಡಾರ. ಬೆಂಕಿ ಆರಿಸಿ ಬರಬೇಕು, ಕರಡಿಗೆ ಕೀಟಲೆ ಮಾಡಬಾರದು.

ನವೆಂಬರ್ 5ರ ಭಾನುವಾರ ತಾಡಪತ್ರಿಯನ್ನು ಬಳ್ಳಾರಿಗೆ ತಂದುಬಿಡು. ರೈಲಿಗೆ ಇಲ್ಲಿಂದಲೇ ಹತ್ತುವುದಲ್ಲವೇ. ನಾನು ಮನೆಯಲ್ಲೇ ಇರುತ್ತೇನೆ. ಬೇವಿನ ಗಿಡದ ಎದುರಿನ ಮನೆ, ಯಾರನ್ನು ಕೇಳಿದರೂ ತೋರಿಸುತ್ತಾರೆ.

ಪ್ರಕೃತಿ ವೀಕ್ಷಕ,
ತಿಪ್ಪೇರುದ್ರ


ಸಿರುಗುಪ್ಪ
9-11-1950

ಶ್ರೀಯುತ ತಿಪ್ಪೇರುದ್ರಪ್ಪನವರಿಗೆ, ಸಿರುಗುಪ್ಪದ ಮಾರೆಣ್ಣ ಮಾಡುವ ವಿಜ್ಞಾಪನೆ.

ತಾಡಪತ್ರಿಯನ್ನು ತಮ್ಮ ಮನೆಗೆ ಮುಟ್ಟಿಸಿ ಬಂದಿದ್ದೇನೆ. ಗಿರಣಿಗೆ ಹೊಸ ಭತ್ತ ಬರುತ್ತಿದೆ. ಇಂಜಿನ್ ಬಿಟ್ಟು ಬರುವುದಕ್ಕೆ ಮಾಲೀಕರು ಒಪ್ಪುವುದು ಕಷ್ಟ. ದರೋಜಿಗೆ ತಾವು ಬೇರೆ ಯಾರನ್ನಾದರೂ ಕರೆದುಕೊಂಡು ಹೋಗುವುದು ಒಳ್ಳೆಯದು. ತಾಡಪತ್ರಿಯ ಎರಡನೇ ತೂತಿನ ಹೊಲಿಗೆ ಸ್ವಲ್ಪ ಸಡಿಲ, ಮಡಿಸುವಾಗ ನೋಡಿಕೊಳ್ಳಬೇಕು.

ತಮ್ಮ ವಿಧೇಯ,
ಮಾರೆಣ್ಣ


ಬಳ್ಳಾರಿ
20-11-1950

ಲೇ ಮಾರೆಣ್ಣ, ಇದೇನು "ತಾವು"? ಜ್ವರ ಬಂದಿದೆಯೇನು?

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅದರಲ್ಲಿ ನೀನು ಎಲ್ಲಿಯೂ ಸಿಗಲಿಲ್ಲ. "ವಿಜ್ಞಾಪನೆ" ಎಂಬ ಮಾತು ದೀಮಾಪುರದಲ್ಲಿ ನಿನಗೆ ಬರುತ್ತಿರಲಿಲ್ಲ. ಆಗ ನಿನಗೆ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆದರೆ ಅಂಚೆಯವರು ಕಾಗದ ಸುಡುತ್ತಾರೆ.

ನೀನು ಬಂದ ದಿನ ನಾನು ಒಂದು ತುರ್ತು ಕೆಲಸದಲ್ಲಿದ್ದೆ. ನೀನು ಹೋದದ್ದೇ ತಿಳಿಯಲಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊಸ ಪಟ್ಟಿ ಮಾಡಿದ್ದೇನೆ. ಕೊಡ ಒಂದೇ. ಒಲೆಯ ಕಲ್ಲು ಮೂರೇ. ಕರಡಿ ಉಪವಾಸ ಬೀಳಲಿ. ಅವಲಕ್ಕಿ ಸೇರಿಸಿದ್ದೇನೆ, ನಿನಗಿಷ್ಟ. ಅಡವಿಯಲ್ಲಿ ನಾವಿಬ್ಬರೇ, ಕೇಳುವವರು ಯಾರೂ ಇಲ್ಲ. ದೀಮಾಪುರದ ಹಾಗೇ ಇರೋಣ. ಬರುತ್ತೀಯಲ್ಲ?

ತಿಪ್ಪೇರುದ್ರ


ಸಿರುಗುಪ್ಪ
3-12-1950

ತಿಪ್ಪೇರುದ್ರಪ್ಪ,

ನಿನಗೆ ತುರ್ತು ಕೆಲಸವಿತ್ತು, ಗೊತ್ತು. ಆ ಹೊತ್ತಿನಲ್ಲಿ ಏನಾಯಿತೆಂದು ನಾನೇ ಹೇಳುತ್ತೇನೆ, ಕೇಳು.

ಮಧ್ಯಾಹ್ನ ಹನ್ನೆರಡಕ್ಕೆ ಬಂದೆ. ತಾಡಪತ್ರಿ ಹೆಗಲ ಮೇಲಿತ್ತು. ನಿನ್ನ ಹೆಂಡತಿ ಕೊಟ್ರಬಸಮ್ಮನವರು ಬಾಗಿಲಿಗೆ ಬಂದರು. ಯಾವ ಮಂದಿ ಎಂದು ಕೇಳಿದರು, ಹೇಳಿದೆ. "ಬಿಸಲಾಗ ಬಂದೀಯಪ್ಪ, ಆ ಬೇವಿನ ಗಿಡದ ನೆರಳಾಗ ಕುಂದ್ರು" ಎಂದು ತಂಬಿಗೆಯಲ್ಲಿ ನೀರು ತಂದರು. ನಾನು ಬೊಗಸೆ ಒಡ್ಡಿದೆ, ಅವರು ಮೇಲಿನಿಂದ ಬಿಟ್ಟರು. ಅದರಲ್ಲಿ ಅವರ ತಪ್ಪೇನಿಲ್ಲ. ಎಲ್ಲಿ ಹೋದರೂ ಹಾಗೇ ಕುಡಿಯುತ್ತೇನೆ, ಇನ್ನೂ ಕೈ ಸವೆದಿಲ್ಲ.

"ನೀನೂ ದಂಡಿನಾಗ ಇದ್ದೇನಪ್ಪ?" ಎಂದು ಕೇಳಿದರು.

"ಹೌದಮ್ಮ, ಲಾರಿ ನಡಸ್ತಿದ್ದೆ."

"ಹಂಗಾರ ಕಂಪ್ಲಿ ಶಿವಣ್ಣ ಗೊತ್ತಿರಬೇಕಲ್ಲ? ನಮ್ಮೋರಿಗೆ ಇಪ್ಪತ್ತೆರಡು ದಿನ ಚಳಿಜ್ವರ ಬಂದಾಗ ಕೈಯಾರೆ ಗಂಜಿ ಕುಡಿಸಿದಾನ, ಹೇಸಿಗಿ ಬಳದಾನ. ನಮ್ಮ ಮಂದೀನೇ. ಲಿಂಗಪೂಜಿ ಮಾಡಿಕೊಂಡೇ ಒಲಿ ಮುಟ್ತಿದ್ನಂತ."

ತಿಪ್ಪ, ನಮ್ಮ ಡೇರೆಯಲ್ಲಿ ಕಂಪ್ಲಿಯವನು ಯಾರೂ ಇರಲಿಲ್ಲ. ಇಪ್ಪತ್ತೆರಡು ದಿನ ಗಂಜಿ ಕಾಯಿಸಿದವನು ಯಾರೆಂದು ನನಗೆ ಗೊತ್ತು, ಆ ಡಬ್ಬಿ ತಿಕ್ಕಿ ತಿಕ್ಕಿ ಅವನ ಉಗುರು ಹೋಗಿತ್ತು.

"ಗೊತ್ತಮ್ಮ" ಎಂದೆ.

"ಹೆಂಗದಾನ?"

"ಚಲೋ ಅದಾನ. ಮೂರು ಮಕ್ಕಳು. ಸ್ವಲ್ಪ ಕೆಮ್ಮು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆರು ವರ್ಷದಿಂದ ಪ್ರತಿ ಸೋಮವಾರ ಆ ಶಿವಣ್ಣನ ಹೆಸರಿನಲ್ಲಿ ಒಬ್ಬ ಜಂಗಮರಿಗೆ ಊಟಕ್ಕೆ ನೀಡುತ್ತಾರಂತೆ. ಲೆಕ್ಕ ಹಾಕು, ನನ್ನ ಕೈಯ ಗಂಜಿಗೆ ಬದಲಾಗಿ ಬಳ್ಳಾರಿಯ ಎಷ್ಟು ಜಂಗಮರು ದಪ್ಪಗಾಗಿರಬೇಕು. ಆಮೇಲೆ ಹೇಳಿದರು: "ಕಂಪ್ಲಿ ಕಡೆ ಹೋದರ ಶಿವಣ್ಣಗ ಹೇಳಪ್ಪ, ಒಂದು ಸಲ ಬಂದು ನನ್ನ ಕೈಲಿ ಉಂಡು ಹೋಗು ಅಂತ. ನಾಕು ಹೋಳಿಗಿ ಕಟ್ಟಿಕೊಡ್ತಿದ್ದೆ. ನಿನ್ನ ಕೈಲಿ ಕಳಸಾಕ ಬರಂಗಿಲ್ಲ. ತಪ್ಪು ತಿಳಕೋಬ್ಯಾಡ."

ನಾನು ತಿಳಿದುಕೊಳ್ಳಲಿಲ್ಲ. ಅಷ್ಟು ಅಕ್ಕರೆಯಿಂದ ನನ್ನ ಬಗ್ಗೆ ಯಾರೂ ಯಾವತ್ತೂ ಮಾತಾಡಿರಲಿಲ್ಲ. ಅದೂ ನನ್ನ ಎದುರಿಗೇ, ನನ್ನ ಬೊಗಸೆಗೆ ಮೇಲಿನಿಂದ ನೀರು ಬಿಡುತ್ತ.

ಅವರ ಹಿಂದೆ ಬಾಗಿಲ ಪರದೆ ಇತ್ತು. ಪರದೆಯ ಕೆಳಗೆ ಎರಡು ಪಾದ ನಿಂತಿದ್ದವು. ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಬೆರಳ ಮೇಲೆ ಲಾರಿಯ ಜಾಕ್ ಬಿದ್ದ ದಿನ ಬಟ್ಟೆ ಸುತ್ತಿದವನು ನಾನೇ. ತಲೆಯೆತ್ತಿ ನೋಡಿದೆ. ಪಾದಗಳು ಒಳಗೆ ಹೋದವು.

ಅದು ನಿನ್ನ ತುರ್ತು ಕೆಲಸ.

ಅಡವಿಯಲ್ಲಿ ಕೇಳುವವರು ಯಾರೂ ಇಲ್ಲ ಅಂತ ಬರೆದಿದ್ದೀಯ. ಅದಕ್ಕೇ ಅಲ್ಲವೇ ಅಡವಿ? ಕರಡಿಯ ಮುಂದೆ ನಾನು ಮಾರೆಣ್ಣ, ಓಣಿಯ ಮುಂದೆ ಶಿವಣ್ಣ. ಅಡವಿಯಲ್ಲಿ ನನಗೆ ಗೆಳೆಯ ಬೇಡ ತಿಪ್ಪ. ಊರಲ್ಲಿ ಒಬ್ಬ ಇದ್ದಿದ್ದರೆ ಚೆನ್ನಾಗಿತ್ತು.

ಶಿವಣ್ಣನಿಗೆ ಸುದ್ದಿ ಮುಟ್ಟಿಸಿದ್ದೇನೆ ಅಂತ ಅಮ್ಮನವರಿಗೆ ಹೇಳು.

ಮಾರೆಣ್ಣ


ಬಳ್ಳಾರಿ
24-12-1950

ಮಾರೆಣ್ಣ,

ಈ ಕಾಗದದಲ್ಲಿ ತಮಾಷೆ ಮಾಡಬಾರದೆಂದು ಕೂತಿದ್ದೇನೆ. ಅಭ್ಯಾಸವಿಲ್ಲ, ತಪ್ಪಿದರೆ ಕ್ಷಮಿಸು.

ಜ್ವರ ಬಿಟ್ಟ ಮೇಲೆ ದೀಮಾಪುರದಿಂದ ಮನೆಗೆ ಮೊದಲ ಕಾಗದ ಬರೆಯಲು ಕೂತಾಗ ನಿನ್ನ ಹೆಸರನ್ನೇ ಬರೆಯಬೇಕೆಂದಿದ್ದೆ. "ಮಾ" ಎಂದು ಬರೆದೆ. ಅಷ್ಟರಲ್ಲಿ ಅವ್ವನ ಮುಖ ಕಂಡಿತು. ಮಗ ಉಳಿದ ಎಂಬುದಕ್ಕಿಂತ ಮೊದಲು ಯಾರ ಕೈಯ ಗಂಜಿ ಕುಡಿದ ಎಂದು ಕೇಳುವ ಮುಖ. ಹೊಡೆದು ಹಾಕಿ ಕಂಪ್ಲಿ ಶಿವಣ್ಣ ಎಂದು ಬರೆದೆ. ಒಂದು ಕಾಗದದ ಮಟ್ಟಿಗೆ ಎಂದುಕೊಂಡಿದ್ದೆ. ಊರಿಗೆ ಬಂದರೆ ಆ ಸುಳ್ಳು ನನಗಿಂತ ಮೊದಲೇ ಬಂದು ಮನೆಯಲ್ಲಿ ಕೂತಿತ್ತು. ಕೊಟ್ರಬಸವ್ವ ಅದಕ್ಕೆ ಸೋಮವಾರ ಸೋಮವಾರ ಹೋಳಿಗೆ ಮಾಡಿ ಹಾಕುತ್ತಿದ್ದಳು. ಅವಳು ಕೇಳಿದಂತೆಲ್ಲ ನಾನು ಅವನಿಗೆ ಮದುವೆ ಮಾಡಿಸಿದೆ, ಮನೆ ಕಟ್ಟಿಸಿದೆ, ಒಂದು ಜೊತೆ ಎತ್ತು ಕೊಡಿಸಿದೆ. ನಿನಗೆ ಒಂದು ಲೋಟ ನೀರು ಕೊಡಿಸುವುದು ಆಗಲಿಲ್ಲ.

ಪರದೆಯ ಹಿಂದಿದ್ದದ್ದು ನಾನೇ.

ನಿನ್ನ ಕಾಗದ ಬಂದಮೇಲೆ ಅವಳಿಗೆ ಹೇಳಲು ಮೂರು ಸಲ ಹೊರಟೆ. ಮೊದಲ ಸಲ ಅವಳು ರೊಟ್ಟಿ ಬಡಿಯುತ್ತಿದ್ದಳು. "ಶಿವಣ್ಣನ ವಿಷಯ..." ಎಂದೆ. ಬಡಿಯುವುದು ನಿಂತಿತು. "ಏನ್ರಿ, ಬರ್ತಾನಂತೇನು?" ಎಂದು ತಿರುಗಿದ ಆ ಮುಖ ನೋಡಿ "ರೊಟ್ಟಿ ಸೀಯಾಕ ಹತ್ತೇತಿ" ಎಂದೆ. ಎರಡನೇ ಸಲ ಅಭ್ಯಾಸಕ್ಕೆಂದು ಹಿತ್ತಲಲ್ಲಿ ಎಮ್ಮೆಗೆ ಪೂರ್ತಿ ಹೇಳಿದೆ. ಎಮ್ಮೆ ಶಾಂತವಾಗಿ ಕೇಳಿತು. ಮೂರನೇ ಸಲ ಅವ್ವ ಹಲಕುಂದಿ ಮಠಕ್ಕೆ ಹೋಗಿದ್ದಳು, ಮನೆ ಖಾಲಿ, ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಸಂತೆಗೆ ಹೋಗಿ ಬದನೆಕಾಯಿ ತಂದೆ.

ನೋಡು, ತಮಾಷೆಯಾಗಿಬಿಟ್ಟಿತು. ಅವಳು ಬಿಟ್ಟು ಹೋದಾಳೆಂಬ ಭಯವಿದೆ. ಅವ್ವ ಅನ್ನ ಬಿಟ್ಟಾಳೆಂಬ ಭಯವಿದೆ. ಓಣಿಯ ಭಯವಿದೆ. ಯುದ್ಧದಲ್ಲಿ ನನಗೆ ಇಷ್ಟು ಭಯವಾಗಿರಲಿಲ್ಲ, ಏಕೆಂದರೆ ಆಗ ಹೊರಗಿನ ಹಗ್ಗ ನೀನು ಹಿಡಿದಿದ್ದೆ.

ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ, ಅಲ್ಲಿಂದ ನೇರ ಮನೆಗೆ ಹೋಗಿ ಹೇಳುತ್ತೇನೆ. ಹೇಳಿದ ಮೇಲೆ ಬರೆಯುತ್ತೇನೆಂದು ಕಾದರೆ ಬರೆಯುವುದಿಲ್ಲ. ನನ್ನನ್ನು ನಾನು ಬಲ್ಲೆ.

ತಿಪ್ಪ


ಕುರುಗೋಡು
5-1-1951

ಮಾರೆಣ್ಣ ಅಣ್ಣನವರಿಗೆ ಕೊಟ್ರಬಸಮ್ಮ ಬರೆಯುವುದು.

ನಾಲ್ಕನೇ ಇಯತ್ತೆಯವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ತವರುಮನೆಯಿಂದ ಬರೆಯುತ್ತಿದ್ದೇನೆ. ಇವರು ಹೇಳಿದ ರಾತ್ರಿ ಕಳೆದು ಬೆಳಗಾದ ಕೂಡಲೇ ಬಸ್ಸು ಹತ್ತಿ ಬಂದೆ.

ಇವರು ಹೇಳುವಾಗ ನಗಿಸಲು ನೋಡಿದರು. ನಾನು ನಗಲಿಲ್ಲ. "ತಾಡಪತ್ರಿ ತಂದಿದ್ನಲ್ಲ, ನಾನು ನೀರು ಹೊಯ್ದೆ, ಆತನೇನ್ರಿ?" ಎಂದು ಕೇಳಿದೆ. ಹೌದೆಂದರು.

ನಿಮಗೆ ಸುಳ್ಳು ಹೇಳುವುದಿಲ್ಲ. ನನಗೆ ಮೊದಲು ಬಂದ ಸಿಟ್ಟು ಒಳ್ಳೆಯ ಸಿಟ್ಟಲ್ಲ. ಇಂಥ ಕೈಯಲ್ಲಿ ಉಂಡು ಬಂದು ನನಗೆ ಹೇಳಲಿಲ್ಲವಲ್ಲ ಎಂದೇ ಬಂತು. ಆ ಸಿಟ್ಟಿನಲ್ಲೇ ಇಲ್ಲಿಗೆ ಬಂದೆ. ಎರಡನೆಯ ದಿನ ನಮ್ಮೂರ ದೊಡ್ಡ ಬಸವಣ್ಣನ ಮುಂದೆ ಕೂತೆ. ಅಷ್ಟು ದೊಡ್ಡ ಕಲ್ಲಿನ ಮುಂದೆ ಕೂತರೆ ಮನುಷ್ಯಳಿಗೆ ತನ್ನ ಸಿಟ್ಟು ಸಣ್ಣದಾಗಿ ಕಾಣುತ್ತದೆ. ಆಗ ಅನಿಸಿದ್ದು ಇಷ್ಟು. ಆರು ವರ್ಷ ನಾನು ಕೈ ಮುಗಿದದ್ದು ಗಂಜಿ ಕುಡಿಸಿದ ಕೈಗೆ. ಹೆಸರು ಇವರು ಇಟ್ಟದ್ದು, ಕೈ ನಿಮ್ಮದು. ಆ ಕೈ ನನ್ನ ಮುಂದೆ ಬೊಗಸೆ ಒಡ್ಡಿದಾಗ ನನಗೆ ಗುರುತಾಗಲಿಲ್ಲ. ಹೋಳಿಗೆಯ ಮಾತು ನೆನೆದರೆ ಊಟ ಸೇರುವುದಿಲ್ಲ.

ನಾಡಿದ್ದು ಬಳ್ಳಾರಿಗೆ ಹೋಗುತ್ತೇನೆ. 15ನೇ ತಾರೀಖು ಸೋಮವಾರ ನೀವು ನಮ್ಮ ಮನೆಗೆ ಊಟಕ್ಕೆ ಬರಬೇಕು. ಒಳಗೆ, ಇವರ ಪಕ್ಕದಲ್ಲಿ. ಇವರಿಗೂ ಹಾಗೆಂದು ಬರೆದಿದ್ದೇನೆ. ಅಡವಿಯ ಪರವಾನಗಿಯೂ ಅದೇ ದಿನಕ್ಕೆ ಇದೆಯಂತೆ. ಪ್ರಕೃತಿಯನ್ನು ಇನ್ನೊಮ್ಮೆ ವೀಕ್ಷಿಸಬಹುದು.

ಅತ್ತೆಯವರು ಒಪ್ಪಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. "ಅಂವ ಒಳಗ ಬಂದ್ರ ನಾ ಹೊರಗ" ಎಂದಿದ್ದಾರೆಂದು ಇವರು ಬರೆದಿದ್ದಾರೆ. ಹೊರಗೆಂದರೆ ಎಲ್ಲಿ ಎಂಬುದು ಇನ್ನೂ ನಿಶ್ಚಯವಾಗಿಲ್ಲ.

ನಿಮ್ಮ ತಂಗಿ ಎಂದುಕೊಳ್ಳಲು ಮನಸ್ಸಿದ್ದರೆ,
ಕೊಟ್ರಬಸಮ್ಮ


ಸಿರುಗುಪ್ಪ
10-1-1951

ಕೊಟ್ರಬಸಮ್ಮನವರಿಗೆ,

ನಿಮ್ಮ ಕಾಗದವನ್ನು ಶಿವಣ್ಣನಿಗೆ ಓದಿ ಹೇಳಿದೆ. ಬರುವುದಿಲ್ಲ ಎಂದ. ಆರು ವರ್ಷ ಪುಕ್ಕಟೆ ಉಂಡು ಅವನಿಗೆ ನಾಚಿಕೆಯಾಗಿದೆ.

ಮಾರೆಣ್ಣ ಬರುತ್ತಾನೆ. ಆದರೆ ಅಮ್ಮ, ನೀವು ಕರೆದದ್ದು ದೊಡ್ಡದು, ಅದು ಸಾಲದು. ನಾನು ಬೇವಿನ ಗಿಡದ ಕೆಳಗೆ ಬಂದು ನಿಲ್ಲುತ್ತೇನೆ. ತಿಪ್ಪ ಬಾಗಿಲಿಗೆ ಬಂದು, ಪರದೆಯ ಈಚೆಗೆ, ನನ್ನ ಹೆಸರು ಹಿಡಿದು ಓಣಿಗೆ ಕೇಳುವಂತೆ ಕರೆಯಬೇಕು. ಕರೆಯದಿದ್ದರೆ ಸ್ವಲ್ಪ ಹೊತ್ತು ನೆರಳಲ್ಲಿದ್ದು ಮೂರು ಗಂಟೆಯ ಬಸ್ಸಿಗೆ ತಿರುಗಿ ಹೋಗುತ್ತೇನೆ. ಅಷ್ಟರಲ್ಲಿ ನೀವು ದಯವಿಟ್ಟು ನೀರು ತರಬೇಡಿ.

ಮಾರೆಣ್ಣ


ಬಳ್ಳಾರಿ
19-1-1951

ನನ್ನ ತಂಗಿ ಹನುಮಮ್ಮನಿಗೆ,

ನಿನಗೆ ಓದು ಬರುವುದಿಲ್ಲ, ಇದನ್ನು ಅಣ್ಣನವರೇ ಓದಿ ಹೇಳಬೇಕು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಸೋಮವಾರ ಇಲ್ಲಿ ನಡೆದದ್ದನ್ನು ಅವರು ನಿನಗೆ ಅರ್ಧವೂ ಹೇಳಿರುವುದಿಲ್ಲ. ಓದುತ್ತ ಎಲ್ಲಿಯಾದರೂ ತಡವರಿಸಿದರೆ ಅಲ್ಲಿ ಏನೋ ನುಂಗುತ್ತಿದ್ದಾರೆ ಎಂದು ತಿಳಿದು ಮತ್ತೊಮ್ಮೆ ಓದಿಸು.

ಅಣ್ಣನವರು ಹನ್ನೆರಡೂವರೆಗೆ ಬಂದು ಗಿಡದ ಕೆಳಗೆ ನಿಂತರು. ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು. ನಿನ್ನ ಕೆಲಸವಿರಬೇಕು. ಇವರು ಬೆಳಿಗ್ಗೆಯಿಂದ ನಾಲ್ಕು ಸಲ ಮುಖ ತೊಳೆದಿದ್ದರು. ಪರದೆ ಸರಿಸಿ ಹೊಸ್ತಿಲ ಮೇಲೆ ನಿಂತರು, ಬಾಯಿ ತೆರೆದರು. ಸದ್ದು ಬರಲಿಲ್ಲ. ಎದುರುಮನೆಯ ಜಂಬಮ್ಮ ಕಟ್ಟೆಯ ಮೇಲೆ ಜೋಳ ಕೇರುತ್ತ ಕೂತಿದ್ದಳು. ಅವಳೇ ಕೇಳಿದಳು: "ಯಾರ್ರೀ ಅಂವ, ಗಿಡದ ಕೆಳಗ?"

ನಾನು ಒಲೆಯ ಮುಂದೆ ಕೂತವಳು ಸೌಟು ಹಿಡಿದೇ ಎದ್ದು ಬಾಗಿಲ ಕಡೆ ಬಂದೆ.

"ಮಾರೆಣ್ಣ!" ಎಂದರು ಇವರು. ಎಷ್ಟು ಜೋರಾಗಿ ಎಂದರೆ ಗಿಡದ ಕಾಗೆಗಳು ಎದ್ದು ಹೋದವು. "ಸಿರುಗುಪ್ಪದ ಮಾರೆಣ್ಣ! ಒಳಗ ಬಾರಲೇ!"

ಅಣ್ಣನವರು ಕದಲಲಿಲ್ಲ. ಕಿವಿಗೆ ಕೈ ಹಚ್ಚಿ, "ಕೇಳಲಿಲ್ಲ" ಎಂದರು. (ಇಲ್ಲಿ ಅವರು ತಡವರಿಸುತ್ತಾರೆ ನೋಡು. ಓದಿಸು.)

ಇವರು ಚಪ್ಪಲಿಯಿಲ್ಲದೆ ಓಣಿಗೆ ಇಳಿದರು. ಜಂಬಮ್ಮನ ಕಡೆ ತಿರುಗಿ ಹೇಳಿದರು: "ದಂಡಿನಾಗ ನನಗ ಗಂಜಿ ಕುಡಿಸಿ ಉಳಿಸಿದಾಂವ ಇವನೇ ಜಂಬಕ್ಕ. ಹರಿಜನರಾಂವ. ಶಿವಣ್ಣ ಅಂತ ಯಾರೂ ಇಲ್ಲ, ನಾ ಹೇಳಿದ್ದು ಸುಳ್ಳು." ಆಮೇಲೆ ಹೋಗಿ ಅಣ್ಣನವರ ಕೈ ಹಿಡಿದರು. ಜಂಬಮ್ಮನ ಮೊರ ನಿಂತಿತು. "ಹೌದೇನ್ರಿ" ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತಿನಿಂದ ಮೊಸರಿಗೆ ಹೆಪ್ಪು ಕೇಳಲು ಬಂದಿಲ್ಲ. ಹೈಸ್ಕೂಲಿನಲ್ಲಿ ಇಬ್ಬರು ಮೇಷ್ಟರು ಇವರ ಜೊತೆ ಚಹಾ ಬಿಟ್ಟಿದ್ದಾರೆ. ಇವರು ನಗುತ್ತಲೇ ಹೇಳಿದರು, ಆದರೆ ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ಇನ್ನೂ ಏನೇನು ಬರುತ್ತದೋ ಗೊತ್ತಿಲ್ಲ.

ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸಿದೆ. ಹನುಮವ್ವ, ತುಪ್ಪ ಎಲೆಯ ಹೊರಗೆ ಬಡಿಸಿಬಿಟ್ಟೆ. ಅಣ್ಣನವರು ಹೋಳಿಗೆ ಮುರಿದರು, ಸಾರಿಗೆ ಅದ್ದಿದರು, ಬಾಯಿಗೆ ಇಟ್ಟುಕೊಂಡರು. ಅಗಿದರು. ಆಮೇಲೆ ನನ್ನ ಕಡೆ ನೋಡಿ, "ತಪ್ಪು ತಿಳಕೋಬ್ಯಾಡವ್ವ, ಸಾರಿಗೆ ಉಪ್ಪು ಕಮ್ಮಿ ಐತಿ" ಎಂದರು.

ಆರು ವರ್ಷ ಉಂಡು ಹೋದ ಜಂಗಮರಲ್ಲಿ ಒಬ್ಬರೂ ಉಪ್ಪಿನ ಮಾತೆತ್ತಿರಲಿಲ್ಲ. ನನಗೆ ನಗು ಬಂತು, ಅಳುವೂ ಬಂತು, ಉಪ್ಪಿನ ಮರಿಗೆ ತರಲು ಎದ್ದವಳು ಅಡುಗೆಮನೆಯಲ್ಲೇ ಸ್ವಲ್ಪ ಹೊತ್ತು ನಿಂತೆ. ನನ್ನ ಬೆನ್ನ ಹಿಂದೆ ಇಬ್ಬರೂ ದೀಮಾಪುರದ ಆ ಡಬ್ಬಿಯ ವಿಷಯವಾಗಿ ಜಗಳ ಸುರು ಮಾಡಿದ್ದರು. ಅದು ನಾಲ್ಕು ಗಂಟೆಯವರೆಗೂ ನಡೆಯಿತು. ಮೂರು ಗಂಟೆಯ ಬಸ್ಸು ಹೋಯಿತು. ದರೋಜಿಯ ಪರವಾನಗಿಯೂ ಅದೇ ಸಂಜೆ ಮುಗಿಯಿತು.

ಇನ್ನು ಅತ್ತೆಯವರ ವಿಷಯ. ಹೇಳಿದಂತೆಯೇ ಅವರು ಬೆಳಿಗ್ಗೆಯೇ ಹೊರಗೆ ಹೋದರು. ದೂರವೇನಿಲ್ಲ, ಹಿತ್ತಲಿಗೆ. ಎಮ್ಮೆಯ ಪಕ್ಕ ನಾಲ್ಕು ಕೋಲು ನೆಟ್ಟು, ಮೇಲೆ ಕಂಬಳಿ ಎಳೆದು, ಮೂರು ಕಲ್ಲಿನ ಒಲೆ ಹೂಡಿ, ತಮ್ಮದೇ ಬಿಡಾರ ಮಾಡಿಕೊಂಡರು. ಸಂಕ್ರಾಂತಿಯ ಗಾಳಿ ನಿನಗೆ ಗೊತ್ತಲ್ಲ. ಅಣ್ಣನವರು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಕಂಬಳಿ ಅರ್ಧ ಅತ್ತೆಯ ತಲೆಯ ಮೇಲೆ, ಅರ್ಧ ಎಮ್ಮೆಯ ಮೇಲೆ ಇತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

ಅಣ್ಣನವರು ನೋಡಿದರು. ಡೇರೆ ಕಟ್ಟುವವರಿಗೆ ಅಂಥದ್ದನ್ನು ನೋಡಿ ಸುಮ್ಮನೆ ಹೋಗಲು ಆಗುವುದಿಲ್ಲವೇನೋ. ಮಾತಾಡದೆ ಕೋಲು ಕಿತ್ತು ಮತ್ತೆ ನೆಟ್ಟರು, ದೂರ ನಿಂತೇ ನಾಲ್ಕೂ ಕಡೆ ಹಗ್ಗ ಎಳೆದು ಗೂಟ ಹೊಡೆದರು. ಅತ್ತೆ ತಿರುಗಲಿಲ್ಲ. ಎಮ್ಮೆಗೆ ಹೇಳಿದರು: "ಗ್ವಾಡಿ ಕಡೆ ಗಾಳಿ ನುಗ್ಗತೈತಿ." ಅಣ್ಣನವರು ಗೋಡೆಯ ಕಡೆಯದನ್ನೂ ಬಿಗಿದು ಬಂದರು.

ಇವತ್ತಿಗೆ ಐದು ದಿನ, ಅತ್ತೆ ಅಲ್ಲೇ ಇದ್ದಾರೆ. ನನ್ನ ಜೊತೆ ಮಾತಿಲ್ಲ. ಇವರ ಜೊತೆಯಂತೂ ಇಲ್ಲವೇ ಇಲ್ಲ. ಇಂದು ಬೆಳಿಗ್ಗೆ ಹಾಲು ಕರೆಯಲು ಹೋದಾಗ, ತಾವಾಗಿ ಕೇಳಿದರು.

"ಅವನ ಹೆಸರೇನಂದಿ?"

"ಯಾರದ್ರಿ?"

"ಅವನಽ, ಹಗ್ಗ ಕಟ್ಟಿದಾಂವ. ಶಿವಣ್ಣ ಏನು?"

"ಅಲ್ರಿ ಅತ್ತಿ. ಮಾರೆಣ್ಣ."

ಅತ್ತೆ ಬಹಳ ಹೊತ್ತು ಒಲೆ ಊದಿದರು. ಹೊಗೆ ಕಣ್ಣಿಗೆ ಹೋಗಿತ್ತು.

"ಆ ಮಾರೆಣ್ಣಗ ಹೇಳು" ಎಂದರು, "ಬಾಗಲ ಕಡೆ ಹಗ್ಗ ಸಡಲ ಆಗೇತಿ. ಬಂದು ಬಿಗದು ಹೋಗು ಅಂತ."

ನಿನ್ನ ಅಕ್ಕ,
ಕೊಟ್ರಬಸಮ್ಮ